ನಿಶ್ಚಿತಾರ್ಥ ಮುರಿದಿದೆ, ಇಬ್ಬರ ಹೆಸರಿನಲ್ಲಿರುವ ಭೋಗ್ಯದ ಮನೆಯ ಲೆಕ್ಕವನ್ನು ಹೇಗೆ ಮುಗಿಸಬೇಕು?

ಕತ್ರಿಗುಪ್ಪೆ ವಾಸಿ

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ, ಅಂದರೆ 2025ರ ಜೂನ್ ತಿಂಗಳಲ್ಲಿ, ಆಷಾಢ ಹಿಡಿಯುವ ಮೊದಲು ಹಾಸನದ ನಮ್ಮ ಮನೆಯಲ್ಲಿ ನನ್ನ ನಿಶ್ಚಿತಾರ್ಥವಾಯಿತು. ಮಾಘದಲ್ಲಿ ಮದುವೆ ಎಂದು ಹಿರಿಯರು ತಾಂಬೂಲ ಬದಲಾಯಿಸಿಕೊಂಡಿದ್ದರು. ಮದುವೆಯ ಹೊತ್ತಿಗೆ ಮನೆ ಹುಡುಕುತ್ತಾ ಅಲೆಯುವುದು ಬೇಡವೆಂದು ಶ್ರಾವಣದಲ್ಲಿಯೇ ಕತ್ರಿಗುಪ್ಪೆಯಲ್ಲಿ ಮೊದಲ ಮಹಡಿಯ ಎರಡು ಕೋಣೆಯ ಮನೆಯೊಂದನ್ನು 18 ಲಕ್ಷ ರೂಪಾಯಿಗೆ, ಮೂರು ವರ್ಷದ ಅವಧಿಗೆ ಲೀಸಿಗೆ, ಅಂದರೆ ತಿಂಗಳ ಬಾಡಿಗೆಯಿಲ್ಲದೆ ಅವಧಿ ಮುಗಿದಾಗ ಇಡಿಗಂಟು ಹಿಂದಿರುಗುವ ಭೋಗ್ಯಕ್ಕೆ, ಹಾಕಿಕೊಂಡೆವು. ಕರಾರು ಪತ್ರ ನನ್ನ ಮತ್ತು ನನಗೆ ನಿಶ್ಚಯವಾಗಿದ್ದವರ ಹೆಸರಿನಲ್ಲಿದೆ. ಅವರು 10 ಲಕ್ಷದ ಚೆಕ್ ಕೊಟ್ಟರು, ನಾನು ನನ್ನ ಖಾತೆಯಿಂದ 6 ಲಕ್ಷ ಕಳುಹಿಸಿದೆ, ಉಳಿದ 2 ಲಕ್ಷವನ್ನು ನಮ್ಮ ತಂದೆ ಅದೇ ದಿನ ಮಾಲೀಕರ ಕೈಗೆ ನಗದಾಗಿ ಕೊಟ್ಟರು. ಹಾಲು ಉಕ್ಕಿಸಿದ ಮರುವಾರದಿಂದ ನಾನೂ ಇಂಜಿನಿಯರಿಂಗ್ ಓದುತ್ತಿರುವ ನನ್ನ ತಮ್ಮನೂ ಈ ಮನೆಯಲ್ಲಿದ್ದೇವೆ. ಅವರು ಮಹಾಲಕ್ಷ್ಮಿ ಲೇಔಟಿನಲ್ಲಿ ತಮ್ಮ ತಂದೆತಾಯಿಯ ಜೊತೆಗಿದ್ದಾರೆ.

ಧನುರ್ಮಾಸದಲ್ಲಿ ಸಂಬಂಧ ಮುರಿದುಹೋಯಿತು. ಕಾರಣವನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಅದರಲ್ಲಿ ಅವರೊಬ್ಬರ ತಪ್ಪೂ ಇಲ್ಲ, ನನ್ನೊಬ್ಬಳ ತಪ್ಪೂ ಇಲ್ಲ. ಉಂಗುರ, ಸೀರೆ, ಬೆಳ್ಳಿಯ ತಟ್ಟೆ ಎಲ್ಲವನ್ನೂ ಎರಡೂ ಕಡೆಯ ಹಿರಿಯರು ಒಂದೇ ದಿನ ಕೂತು ಹಿಂದಿರುಗಿಸಿಕೊಂಡರು. ಉಳಿದಿರುವುದು ಮನೆ ಮಾತ್ರ. ನಮ್ಮ ದುಡ್ಡಿನ ಮೇಲೆ ನೀವು ಕೂತಿದ್ದೀರಿ, ತಿಂಗಳೊಳಗೆ 10 ಲಕ್ಷ ಕೊಡಿ ಎಂದು ಅವರ ಮನೆಯವರು ಕೇಳುತ್ತಿದ್ದಾರೆ. ಮಾಲೀಕರು ಮೂರು ವರ್ಷ ತುಂಬದೆ ಒಂದು ರೂಪಾಯಿಯೂ ಬರುವುದಿಲ್ಲ ಎನ್ನುತ್ತಾರೆ. ನಮ್ಮ ತಂದೆಯವರು, ಮಾನ ಮುಖ್ಯ, ಕೀಲಿಯನ್ನು ಅವರ ಕೈಗೆ ಕೊಟ್ಟು ಊರಿಗೆ ಬಾ, ದುಡ್ಡು ಬಂದಾಗ ಬರಲಿ ಎನ್ನುತ್ತಿದ್ದಾರೆ. ಬರುವ ಭಾನುವಾರ ಕೀಲಿ ಕೊಡುವುದೆಂದು ಬಹುತೇಕ ನಿರ್ಧಾರವಾಗಿದೆ. ಇದು ಸರಿಯೇ? ಇಂಥದನ್ನು ಕಂಡವರು ದಯವಿಟ್ಟು ತಿಳಿಸಿ.

ನಿವೃತ್ತ ಬ್ಯಾಂಕ್ ನೌಕರ

ತಾಯಿ, ನಿಮ್ಮ ತಂದೆಯವರ ನೋವು ನನಗೆ ಅರ್ಥವಾಗುತ್ತದೆ, ನನಗೂ ಇಬ್ಬರು ಹೆಣ್ಣುಮಕ್ಕಳು. ಆದರೂ ಭಾನುವಾರ ಕೀಲಿ ಕೊಡಬೇಡಿ. ಭೋಗ್ಯದ ಮನೆಯಲ್ಲಿ ನಿಮ್ಮ ಹಣಕ್ಕೆ ಇರುವ ಭದ್ರತೆಯೆಂದರೆ ಆ ಮನೆ ನಿಮ್ಮ ಸ್ವಾಧೀನದಲ್ಲಿರುವುದೊಂದೇ. ಬಾಡಿಗೆ ಮನೆಯಾಗಿದ್ದರೆ ಹೆಚ್ಚೆಂದರೆ ಅಡ್ವಾನ್ಸ್ ಹೋಗುತ್ತಿತ್ತು. ಇಲ್ಲಿ ನಿಮ್ಮ ದುಡಿಮೆಯ ಅಷ್ಟೂ ಉಳಿತಾಯ ಮಾಲೀಕರ ಬಳಿ ಇದೆ, ಅದಕ್ಕೆ ಬದಲಾಗಿ ನಿಮ್ಮ ಕೈಯಲ್ಲಿರುವುದು ಬಾಗಿಲಿನ ಕೀಲಿ. ಅದು ಕೈ ತಪ್ಪಿದ ಮೇಲೆ ನೀವು ಹಣ ಕೇಳಿಕೊಂಡು ಅಲೆಯುವವರಾಗುತ್ತೀರಿ. ಅದು ನಿಮ್ಮ ಬಳಿ ಇರುವವರೆಗೆ ಮಾಲೀಕರೇ ನಿಮ್ಮೊಡನೆ ಕೂತು ಮಾತನಾಡಬೇಕಾಗುತ್ತದೆ.

ಮೊದಲು ಒಂದು ಕೆಲಸ ಮಾಡಿ. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಆ ಸ್ವತ್ತಿನ ಋಣಭಾರ ಪತ್ರ ತೆಗೆಸಿ ನೋಡಿ. ಮಾಲೀಕರು ಆ ಮನೆಯ ಮೇಲೆ ಬ್ಯಾಂಕಿನಲ್ಲಿ ಸಾಲ ತೆಗೆದಿದ್ದು ಅದು ನೋಂದಣಿಯಾಗಿದ್ದರೆ ಅದರಲ್ಲಿ ಕಾಣುತ್ತದೆ. ಸಾಲದ ಕಂತು ನಿಂತುಹೋದರೆ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು, ಆಗ ಭೋಗ್ಯದವರ ಪಾಡು ಬಹಳ ಕಷ್ಟವಾಗುತ್ತದೆ. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ, ಬಾಗಿಲಿಗೆ ನೋಟಿಸು ಅಂಟಿಸಿದ ಮೇಲೆ ಸಾಲದ ಸಂಗತಿ ತಿಳಿದು ಶಾಖೆಗೆ ಓಡಿಬಂದ ಸಂಸಾರಗಳನ್ನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಮನೆಯ ಮೇಲೆ ಸಾಲವಿಲ್ಲವೆಂದಾದರೆ ಆತುರಪಡುವ ಕಾರಣವೇ ಇಲ್ಲ. ಇದೆಯೆಂದಾದರೆ ನೀವೂ ಆ ಹುಡುಗನೂ ಜಗಳ ಬದಿಗಿಟ್ಟು ಒಟ್ಟಿಗೆ ನಿಲ್ಲಬೇಕಾಗುತ್ತದೆ.

ಶ್ರೀನಗರದ ಗೃಹಿಣಿ

ನನ್ನ ತಂಗಿಗೂ ಹೀಗೆಯೇ ಆಯಿತು. ಅವಳು ಮುಜುಗರದಿಂದ ಒಂದೇ ರಾತ್ರಿಯಲ್ಲಿ ಮನೆ ಬಿಟ್ಟು ಬಂದಳು. ಅವಳ 4 ಲಕ್ಷ ಎರಡು ವರ್ಷದ ಮೇಲೆ ಬಂತು, ಅದೂ ಕಂತುಕಂತಾಗಿ. ಅಕ್ಕನಾಗಿ ಹೇಳುತ್ತೇನೆ, ದಯವಿಟ್ಟು ಕೀಲಿ ಕೊಡಬೇಡಿ.

ಸಿವಿಲ್ ವಕೀಲೆ

ಮೇಲಿನ ಇಬ್ಬರ ಮಾತನ್ನೂ ನಾನು ಒಪ್ಪುತ್ತೇನೆ. ಕಾನೂನಿನ ದೃಷ್ಟಿಯಿಂದ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ. ನಿಮ್ಮ ಕರಾರು ಪತ್ರವನ್ನು ನೋಡದೆ ಬರೆಯುತ್ತಿರುವುದರಿಂದ ಇದನ್ನು ಅಂತಿಮ ಸಲಹೆಯೆಂದು ತಿಳಿಯಬೇಡಿ.

ನಿಮ್ಮ ಕರಾರು ಬಹುಶಃ ಇ-ಸ್ಟಾಂಪ್ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದ್ದಿರಬೇಕು. ಬೆಂಗಳೂರಿನ ಬಹುಪಾಲು ಲೀಸ್ ಕರಾರುಗಳು ಹಾಗೆಯೇ ಇವೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗುತ್ತಿಗೆ ನೋಂದಣಿಯಾಗಬೇಕು. ಅದನ್ನು ಭೋಗ್ಯದ ಅಡಮಾನವೆಂದು ಕರೆದರೂ ನೋಂದಣಿ ತಪ್ಪುವುದಿಲ್ಲ. ಆದ್ದರಿಂದ ನೋಂದಣಿಯಾಗದ ಪತ್ರವನ್ನು ಹಿಡಿದು ಮೂರು ವರ್ಷ ಕಡ್ಡಾಯವೆಂದು ಸಾಧಿಸುವುದು ಮಾಲೀಕರಿಗೂ ಸುಲಭವಲ್ಲ, ನಿಮಗೂ ಸುಲಭವಲ್ಲ. ಆದರೆ ಹಣ ಸಂದಾಯವಾದದ್ದಕ್ಕೆ ಬ್ಯಾಂಕಿನ ದಾಖಲೆ ಇದೆಯಲ್ಲ, ಅದಕ್ಕೆ ನೋಂದಣಿಯ ಹಂಗಿಲ್ಲ.

ಇನ್ನು ನಿಮ್ಮಿಬ್ಬರ ನಡುವಿನ ಪಾಲು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಮಿನ ತಿರುಳು ಇಷ್ಟು: ಇಬ್ಬರು ಹಣ ಹಾಕಿ ಸ್ಥಿರಾಸ್ತಿಯಲ್ಲಿ ಹಕ್ಕು ಪಡೆದಾಗ ಬೇರೆ ಒಪ್ಪಂದ ಇಲ್ಲದಿದ್ದರೆ ಯಾರ ಹಣ ಎಷ್ಟೋ ಅವರ ಪಾಲು ಅಷ್ಟು, ಯಾರದೆಷ್ಟು ಎನ್ನುವುದಕ್ಕೆ ಪುರಾವೆಯೇ ಇಲ್ಲದಿದ್ದರೆ ಇಬ್ಬರದೂ ಸಮಪಾಲೆಂದು ಭಾವಿಸಬೇಕು. ನಿಮ್ಮಲ್ಲಿ 16 ಲಕ್ಷಕ್ಕೆ ಪುರಾವೆ ಇದೆ. ನನಗೆ ಕಳವಳವಿರುವುದು ಆ 2 ಲಕ್ಷದ ಬಗ್ಗೆ. ನಿಮ್ಮ ತಂದೆಯವರು ಅದೇ ದಿನ ಅಥವಾ ಹಿಂದಿನ ದಿನ ಖಾತೆಯಿಂದ ಹಣ ತೆಗೆದಿದ್ದರೆ ಆ ಪಾಸ್‌ಬುಕ್ ಪುಟದ ಪ್ರತಿ ಇಟ್ಟುಕೊಳ್ಳಿ. ಮಾಲೀಕರೊಡನೆ ಮಾತುಕತೆ ಇನ್ನೂ ಚೆನ್ನಾಗಿರುವಾಗಲೇ, ಹಣ ಬಂದದ್ದು ನಿಜ ಮತ್ತು ಅದನ್ನು ಕೊಟ್ಟವರು ಇಂಥವರು ಎಂದು ಒಂದು ಸಂದೇಶವನ್ನಾದರೂ ಬರೆಸಿಕೊಳ್ಳಿ. ಜಗಳ ಬೆಳೆದ ಮೇಲೆ ನಗದಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಮದುವೆಯೇ ಆಗಿಲ್ಲವಾದ್ದರಿಂದ ಇದು ಕೌಟುಂಬಿಕ ನ್ಯಾಯಾಲಯದ ವಿಷಯವಲ್ಲ. ದಾವೆ ಹೂಡುವುದೇ ಆದರೆ ಸಿಟಿ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು, ಅದಕ್ಕೆ ತಗಲುವ ಕಾಲವನ್ನು ನೆನೆದರೆ ನಿಮಗೆ ಆ ದಾರಿಯನ್ನು ಮೊದಲು ತೋರಿಸಲು ನನಗೆ ಮನಸ್ಸಿಲ್ಲ. ದಾವೆಗೆ ಮೊದಲೇ ಮಧ್ಯಸ್ಥಿಕೆಗೆ ಹೋಗಲು ಅವಕಾಶವಿದೆ. ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವರಮಾನದ ಮಿತಿ ನೋಡದೆ ಉಚಿತ ನೆರವು ಸಿಗುತ್ತದೆ, ಸಹಾಯವಾಣಿಯ ಸಂಖ್ಯೆ 15100.

ಮಂಡ್ಯದ ಹುಡುಗ

ನಾನು ಇನ್ನೊಂದು ಕಡೆಯಲ್ಲಿ ನಿಂತವನು, ಅದಕ್ಕಾಗಿ ಬರೆಯುತ್ತಿದ್ದೇನೆ. ಮೂರು ವರ್ಷದ ಹಿಂದೆ ನನ್ನ ನಿಶ್ಚಿತಾರ್ಥ ಮುರಿದಾಗ ನಾಗರಬಾವಿಯ ಲೀಸ್ ಮನೆಯಲ್ಲಿ ನನ್ನ 7 ಲಕ್ಷ ಸಿಕ್ಕಿಕೊಂಡಿತ್ತು. ಅದು ಉಳಿತಾಯದ ಹಣವಲ್ಲ, ವೈಯಕ್ತಿಕ ಸಾಲ. ಮನೆಯಲ್ಲಿ ಇದ್ದವರು ಅವರು, ತಿಂಗಳಿಗೆ ಸುಮಾರು 16 ಸಾವಿರ ಕಂತು ಕಟ್ಟುತ್ತಿದ್ದವನು ನಾನು. ನಾನು ಫೋನು ಮಾಡಿದರೆ ಅವರ ಅಣ್ಣ, ಮಾಲೀಕರು ಕೊಟ್ಟಾಗ ಕೊಡುತ್ತೇವೆ ಎಂದು ಹೇಳಿ ಇಡುತ್ತಿದ್ದರು. ಸಂಬಂಧ ಮುರಿದ ನೋವು ಆರು ತಿಂಗಳಲ್ಲಿ ಕಡಿಮೆಯಾಯಿತು. ನನ್ನ ದುಡ್ಡಿನಲ್ಲಿ ಬೇರೆಯವರು ವಾಸಿಸುತ್ತಿದ್ದಾರೆ ಎನ್ನುವ ಭಾವನೆ ಮಾತ್ರ ಹಣ ಬರುವವರೆಗೂ, ಒಂದು ವರ್ಷ ನಾಲ್ಕು ತಿಂಗಳು, ಎದೆಯ ಮೇಲೆ ಕೂತಿತ್ತು. ಅವರು ಮೋಸ ಮಾಡಿದರೆಂದು ನಾನು ಹೇಳುವುದಿಲ್ಲ, ಕೊನೆಗೆ ಅಷ್ಟೂ ಹಣ ಬಂತು. ಆದರೆ ಆ ಅವಧಿಯಲ್ಲಿ ಒಮ್ಮೆಯಾದರೂ ಅವರಾಗಿ ಕರೆ ಮಾಡಿ, ಈ ತಿಂಗಳು ಇಷ್ಟಾಯಿತು, ಮಾಲೀಕರು ಹೀಗೆಂದರು ಎಂದು ಹೇಳಿದ್ದರೆ ನಾನು ಕೆಟ್ಟ ಮಾತುಗಳನ್ನು ಆಡುತ್ತಿರಲಿಲ್ಲ.

ಆದ್ದರಿಂದ ಕತ್ರಿಗುಪ್ಪೆಯವರೇ, ಕೀಲಿ ಇಟ್ಟುಕೊಳ್ಳಿ, ಅದು ಸರಿ. ಆದರೆ ಅವರ 10 ಲಕ್ಷದ ಮೇಲೆ ನೀವು ವಾಸಿಸುತ್ತಿರುವುದಕ್ಕೆ ತಿಂಗಳಿಗೆ ಇಷ್ಟು ಎಂದು ನೀವಾಗಿಯೇ ಹೇಳಿ ಕೊಡಿ. ಅವರು ಕೇಳುವವರೆಗೆ ಕಾಯಬೇಡಿ.

ಕತ್ರಿಗುಪ್ಪೆ ವಾಸಿ

ಎಲ್ಲರ ಉತ್ತರಗಳನ್ನೂ ನಮ್ಮ ತಂದೆಗೆ ಓದಿ ಹೇಳಿದೆ. ಭಾನುವಾರದ ಮಾತು ಸದ್ಯಕ್ಕೆ ನಿಂತಿದೆ. ಋಣಭಾರ ಪತ್ರ ತೆಗೆಸಿದೆವು, ಮನೆಯ ಮೇಲೆ ಯಾವ ಸಾಲವೂ ಕಾಣುತ್ತಿಲ್ಲ, ಒಂದು ದೊಡ್ಡ ಭಾರ ಇಳಿಯಿತು. ಆದರೆ ವಕೀಲರು ಹೆದರಿದಂತೆಯೇ ಆಗಿದೆ. ನೀವು ಕೊಟ್ಟದ್ದು 6 ಲಕ್ಷ, ಉಳಿದ 2 ಲಕ್ಷಕ್ಕೆ ದಾಖಲೆ ಎಲ್ಲಿದೆ ಎಂದು ಅವರ ಸೋದರಮಾವ ಕೇಳಿದ್ದಾರೆ. ಕರಾರಿನಲ್ಲಿ ಉಭಯತ್ರರಿಂದ 18 ಲಕ್ಷ ಸಂದಾಯವಾಗಿದೆ ಎಂದಷ್ಟೇ ಬರೆದಿದೆ.

ಮಂಡ್ಯದವರು ಬರೆದದ್ದನ್ನು ಓದಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅವರ 10 ಲಕ್ಷದಲ್ಲಿ ಒಂದು ಭಾಗ ಅವರ ಕಚೇರಿಯ ಸಹಕಾರ ಸಂಘದ ಸಾಲವೆಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಈ ಒಂದು ತಿಂಗಳಲ್ಲಿ ನಾನು ಅದನ್ನು ನೆನೆದಿರಲೇ ಇಲ್ಲ. ತಿಂಗಳಿಗೆ ಎಷ್ಟು ಕೊಡುವುದು ನ್ಯಾಯ?

ನಿವೃತ್ತ ಬ್ಯಾಂಕ್ ನೌಕರ

ಲೆಕ್ಕವನ್ನು ಎರಡು ಬಗೆಯಲ್ಲಿ ಹಾಕಬಹುದು. ನಿಮ್ಮ ಬೀದಿಯಲ್ಲಿ ಅಂಥದೇ ಮನೆಗೆ ಬಾಡಿಗೆ ಎಷ್ಟಿದೆ ನೋಡಿ. 20 ಸಾವಿರ ಎಂದುಕೊಂಡರೆ 18ರಲ್ಲಿ 10 ಪಾಲು ಅವರದಾದ್ದರಿಂದ ತಿಂಗಳಿಗೆ 11,111 ರೂಪಾಯಿ ಆಗುತ್ತದೆ. ಇನ್ನೊಂದು ಬಗೆಯಲ್ಲಿ, ಅವರ 10 ಲಕ್ಷ ಬ್ಯಾಂಕಿನ ಠೇವಣಿಯಲ್ಲಿದ್ದು ವರ್ಷಕ್ಕೆ ಶೇ. 7ರಷ್ಟು ಬಡ್ಡಿ ಬರುತ್ತಿತ್ತು ಎಂದುಕೊಂಡರೆ ವರ್ಷಕ್ಕೆ 70 ಸಾವಿರ, ಅಂದರೆ ತಿಂಗಳಿಗೆ 5,833 ರೂಪಾಯಿ. ಮೊದಲನೆಯದು ನೀವು ಪಡೆಯುತ್ತಿರುವ ಅನುಕೂಲದ ಬೆಲೆ, ಎರಡನೆಯದು ಅವರಿಗಾಗುತ್ತಿರುವ ನಷ್ಟದ ಬೆಲೆ. ಈ ಎರಡರ ನಡುವೆ ಎಲ್ಲಿ ಒಪ್ಪಿದರೂ ಅದು ಅನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಏನೇ ಕೊಟ್ಟರೂ ಖಾತೆಗೇ ಹಾಕಿ, ಟಿಪ್ಪಣಿಯಲ್ಲಿ ಯಾವ ತಿಂಗಳಿನದೆಂದು ಬರೆಯಿರಿ, ಇದು ಅಸಲಿಗೆ ಜಮೆಯಲ್ಲವೆಂದು ಇಬ್ಬರೂ ಬರೆದುಕೊಳ್ಳಿ. ಇಲ್ಲದಿದ್ದರೆ ಮುಂದೆ ಅದೇ ಇನ್ನೊಂದು ತಕರಾರಾಗುತ್ತದೆ.

ಗಿರಿನಗರದ ಮನೆ ಮಾಲೀಕ

ಮಾಲೀಕರ ಪರವಾಗಿಯೂ ಯಾರಾದರೂ ಮಾತನಾಡಬೇಕು ಎನ್ನಿಸಿತು. ನಾನು ಇಪ್ಪತ್ತು ವರ್ಷದಿಂದ ಮೇಲಿನ ಮನೆಯನ್ನು ಭೋಗ್ಯಕ್ಕೆ ಕೊಡುತ್ತಿದ್ದೇನೆ. ಲೀಸ್ ಹಣವನ್ನು ಯಾವ ಮಾಲೀಕನೂ ಬೀರುವಿನಲ್ಲಿ ಇಟ್ಟುಕೊಂಡಿರುವುದಿಲ್ಲ. ಅದು ಮಗಳ ಮದುವೆಗೋ, ಮೇಲಿನ ಮಹಡಿಯ ತಾರಸಿಗೋ, ಮಗನ ಕಾಲೇಜಿಗೋ ಹೋಗಿರುತ್ತದೆ. ನಾವು ಹಣ ಹಿಂದಿರುಗಿಸುವುದು ಮುಂದೆ ಬರುವವರ ಹಣದಿಂದ, ಇದು ಎಲ್ಲರಿಗೂ ತಿಳಿದ ಸಂಗತಿ. ಮೂರು ವರ್ಷ ಎಂದು ಹಟ ಹಿಡಿದಂತೆ ಕಾಣುವ ನಿಮ್ಮ ಮಾಲೀಕರು ಬಹುಶಃ ಹೇಳುತ್ತಿರುವುದು, ಈಗ ನನ್ನ ಬಳಿ ಇಲ್ಲ ಎಂಬುದನ್ನೇ.

ಆದ್ದರಿಂದ ಅವರನ್ನು ಹಣ ಕೇಳಬೇಡಿ, ಹೊಸಬರನ್ನು ಹುಡುಕಲು ಒಪ್ಪಿಗೆ ಕೇಳಿ. ಇಬ್ಬರೂ ಸಹಿ ಮಾಡಿದ ಒಂದು ಪತ್ರ ಕೊಡಿ, ಒಬ್ಬರೇ ಹೋದರೆ ಅವರು ನಂಬುವುದಿಲ್ಲ. ನಾಳೆ ಇನ್ನೊಬ್ಬರು ಬಂದು ನನ್ನ ಪಾಲೆಲ್ಲಿ ಎಂದರೆ ಏನು ಮಾಡುವುದು ಎಂಬ ಭಯ ಮಾಲೀಕರಿಗೆ ನಿಜವಾಗಿಯೂ ಇರುತ್ತದೆ, ನನಗೂ ಒಮ್ಮೆ ಅದು ಆಗಿದೆ. ಟು-ಲೆಟ್ ಬೋರ್ಡು ನೀವೇ ಹಾಕಿಸಿ, ಮನೆ ನೋಡಲು ಬಂದವರಿಗೆ ಬಾಗಿಲು ತೆರೆದು ತೋರಿಸಿ, ಬ್ರೋಕರ್ ದುಡ್ಡು ನಾವು ಕೊಡುತ್ತೇವೆ ಎನ್ನಿ. ಸಂಪು, ಸೋಲಾರು, ಬಾಲ್ಕನಿಯ ಜಾಲರಿ ಎಲ್ಲ ಸರಿಯಾಗಿದೆ ಎಂದು ಅವರ ಜೊತೆಯಲ್ಲೇ ಒಮ್ಮೆ ನೋಡಿಕೊಳ್ಳಿ. ಸುಣ್ಣಬಣ್ಣದ ಖರ್ಚು ಅವರು ಕೇಳಿಯೇ ಕೇಳುತ್ತಾರೆ. ಐದು ತಿಂಗಳಿಗೆ ಪೂರ್ತಿ ಬಣ್ಣದ ಹಣ ಕೊಡಬೇಕಾಗಿಲ್ಲ, ಆದರೆ ಏನೂ ಕೊಡುವುದಿಲ್ಲ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಕನಕಪುರ ರಸ್ತೆ

ನಮ್ಮದು ಭೋಗ್ಯವಲ್ಲ, ಖರೀದಿ. ಇದನ್ನು ಓದುವವರಲ್ಲಿ ಮದುವೆಗೆ ಮೊದಲೇ ಜೊತೆಯಾಗಿ ಫ್ಲ್ಯಾಟ್ ಕೊಳ್ಳಲು ಹೊರಟವರಿದ್ದರೆ ಅವರಿಗಾಗಿ ಬರೆಯುತ್ತೇನೆ. ನಾನೂ ನನಗೆ ನಿಶ್ಚಯವಾಗಿದ್ದವರೂ ಸೇರಿ ಫ್ಲ್ಯಾಟ್ ಕೊಂಡು, ಗೃಹಸಾಲವನ್ನೂ ಇಬ್ಬರ ಹೆಸರಿನಲ್ಲಿ ತೆಗೆದಿದ್ದೆವು. ಸಂಬಂಧ ಮುರಿದಾಗ ನನ್ನ ಅರ್ಧವನ್ನು ಅವರಿಗೆ ಬಿಟ್ಟುಕೊಡುವುದೆಂದು ಸ್ನೇಹದಿಂದಲೇ ಒಪ್ಪಿದೆವು. ಒಂದು ಹಕ್ಕು ಬಿಡುಗಡೆ ಪತ್ರ ಬರೆದರೆ ಮುಗಿಯಿತು ಎಂದುಕೊಂಡಿದ್ದೆವು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೇಳಿದ ಮೊದಲ ಪ್ರಶ್ನೆಯೇ, ನಿಮ್ಮಿಬ್ಬರ ಸಂಬಂಧವೇನು ಎಂಬುದು. ಆ ಮೇಜಿನ ಮುಂದೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನೆ ನಿಂತೆವು.

ಗಂಡ ಹೆಂಡತಿ, ಅಣ್ಣ ತಂಗಿ ಹೀಗೆ ಕುಟುಂಬದವರ ನಡುವಿನ ಬಿಡುಗಡೆ ಪತ್ರಕ್ಕೆ ಮುದ್ರಾಂಕ ಶುಲ್ಕ ಅತ್ಯಲ್ಪ. ನಿಶ್ಚಿತಾರ್ಥವಾದವರು ಆ ಪಟ್ಟಿಯಲ್ಲಿ ಬರುವುದಿಲ್ಲ, ಹೊರಗಿನವರಿಗೆ ಮಾರಿದಂತೆಯೇ ಶುಲ್ಕ ಕಟ್ಟಬೇಕು. ಪಾಲಿನ ಬೆಲೆ 50 ಲಕ್ಷವೆಂದರೆ ಶೇ. 5ರ ಲೆಕ್ಕದಲ್ಲಿ ಎರಡೂವರೆ ಲಕ್ಷ, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ ಆಗ ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಪುಕ್ಕಟೆಯಾಗಿ ಬರೆದುಕೊಟ್ಟರೆ ಶುಲ್ಕವೂ ಉಳಿಯುವುದಿಲ್ಲ, ಪಡೆದವರಿಗೆ ಆದಾಯ ತೆರಿಗೆಯ ತೊಡಕೂ ಬರುತ್ತದೆ, ಏಕೆಂದರೆ ಸಂಬಂಧಿಕರಲ್ಲದವರಿಂದ 50 ಸಾವಿರಕ್ಕೆ ಮೀರಿದ ಬೆಲೆಯ ಆಸ್ತಿ ಉಚಿತವಾಗಿ ಬಂದರೆ ಅದನ್ನು ಆದಾಯವೆಂದೇ ಎಣಿಸುತ್ತಾರೆ.

ಸಾಲದ್ದು ಇನ್ನೊಂದು ಕತೆ. ಮನೆಯಲ್ಲಿ ಪಾಲಿಲ್ಲದಿದ್ದರೂ ಸಾಲದಲ್ಲಿ ನನ್ನ ಹೆಸರಿದ್ದಷ್ಟು ದಿನ ಬ್ಯಾಂಕಿಗೆ ನಾನು ಪೂರ್ತಿ ಸಾಲದ ಹೊಣೆಗಾರಳು. ಅವರು ಒಂದು ಕಂತು ತಪ್ಪಿಸಿದರೆ ನನ್ನ ಸಿಬಿಲ್ ಅಂಕವೂ ಇಳಿಯುತ್ತದೆ. ಬ್ಯಾಂಕು ಅವರೊಬ್ಬರ ಸಂಬಳದ ಮೇಲೆ ಸಾಲ ನಿಲ್ಲುತ್ತದೆಯೇ ಎಂದು ಹೊಸದಾಗಿ ಪರಿಶೀಲಿಸಿದ ಮೇಲಷ್ಟೇ ನನ್ನ ಹೆಸರನ್ನು ತೆಗೆಯಿತು. ಮೊದಲು ಬ್ಯಾಂಕಿನ ಒಪ್ಪಿಗೆ, ಆಮೇಲೆ ಬಿಡುಗಡೆ ಪತ್ರ. ಈ ಕ್ರಮವನ್ನು ದಯವಿಟ್ಟು ಹಿಂದುಮುಂದು ಮಾಡಬೇಡಿ.

ಶ್ರೀನಗರದ ಗೃಹಿಣಿ

ಮನೆಯೊಳಗಿನ ಸಾಮಾನುಗಳ ಬಗ್ಗೆ ಯಾರೂ ಹೇಳಲಿಲ್ಲ. ಜಗಳ ಕೊನೆಗೆ ಬಂದು ನಿಲ್ಲುವುದು ಅಲ್ಲಿಯೇ. ಒಂದು ಹಾಳೆಯಲ್ಲಿ ಕೋಣೆಕೋಣೆಯಾಗಿ ಬರೆದಿಡಿ, ಯಾರು ಕೊಂಡದ್ದು, ಯಾರ ಮನೆಯಿಂದ ಬಂದದ್ದು, ಕಂತು ಯಾರ ಕಾರ್ಡಿನಲ್ಲಿದೆ ಎಂದು. ಹಿರಿಯರು ಕೊಟ್ಟ ಪಾತ್ರೆ ಪಡಗಗಳಿಗೆ ಬೆಲೆ ಕಟ್ಟಬೇಡಿ, ಬಂದ ಮನೆಗೆ ಹಾಗೆಯೇ ಕಳುಹಿಸಿ.

ಕತ್ರಿಗುಪ್ಪೆ ವಾಸಿ

ಹದಿನೈದು ದಿನದ ಮೇಲೆ ಬರೆಯುತ್ತಿದ್ದೇನೆ. ಬಸವನಗುಡಿಯಲ್ಲಿರುವ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಎರಡೂ ಕಡೆಯವರು ಕೂತೆವು. ನಾನು ಮೊದಲು ಮಾತನಾಡುತ್ತೇನೆ ಎಂದು ಕೇಳಿಕೊಂಡು, ಅವರ ಹಣಕ್ಕೆ ಪ್ರತಿಯಾಗಿ ಜನವರಿಯಿಂದ ತಿಂಗಳಿಗೆ 8,500 ರೂಪಾಯಿ ಕೊಡುವುದಾಗಿ, ಅದು ಅಸಲಿಗೆ ಸೇರುವುದಿಲ್ಲವೆಂದು ಹೇಳಿದೆ. ಬ್ಯಾಂಕಿನ ಹಿರಿಯರು ಕೊಟ್ಟ ಎರಡು ಅಂಕಿಗಳ ನಡುವೆ ಹಿಡಿದ ಮೊತ್ತ ಅದು. ಅವರ ತಾಯಿ ಅಲ್ಲಿಯವರೆಗೆ ನನ್ನ ಕಡೆ ನೋಡಿರಲಿಲ್ಲ. ಆಗ ತಲೆಯೆತ್ತಿ ನೋಡಿದರು.

2 ಲಕ್ಷದ ಮಾತು ಬಂದಾಗ ನಮ್ಮ ತಂದೆ ಅಂಗಿಯ ಜೇಬಿನಿಂದ ಪಾಸ್‌ಬುಕ್ ತೆಗೆದು ಟೀಪಾಯಿಯ ಮೇಲೆ ಇಟ್ಟರು. ಕರಾರಿನ ಹಿಂದಿನ ದಿನ ಹಾಸನದಲ್ಲಿ 2 ಲಕ್ಷ ತೆಗೆದ ನಮೂದು ಅದರಲ್ಲಿತ್ತು. ಸೋದರಮಾವ ಅದನ್ನು ಎರಡು ಬಾರಿ ತಿರುವಿ ನೋಡಿ, ತೆಗೆದದ್ದು ಕಾಣುತ್ತದೆ, ಕೊಟ್ಟದ್ದು ಎಲ್ಲಿ ಕಾಣುತ್ತದೆ ಎಂದರು. ಆಗ ನನಗೆ ನಿಶ್ಚಯವಾಗಿದ್ದವರೇ ಬಾಯಿ ಬಿಟ್ಟರು. "ಮಾವ, ನಾನು ಪಕ್ಕದಲ್ಲೇ ಕೂತಿದ್ದೆ. ಇವರ ತಂದೆ ಎಣಿಸಿದ ಮೇಲೆ ಮಾಲೀಕರು ನನ್ನ ಕೈಯಲ್ಲಿ ಇನ್ನೊಮ್ಮೆ ಎಣಿಕೆ ಮಾಡಿಸಿದರು. 8 ಲಕ್ಷ ಅವರದೇ." ಅಷ್ಟು ಹೇಳಿ ಎದ್ದು ವರಾಂಡಕ್ಕೆ ಹೋದರು. ಅದನ್ನು ಅಲ್ಲಿಯೇ ಬರೆದು ಇಬ್ಬರೂ ಸಹಿ ಮಾಡಿದೆವು, ಚಿಕ್ಕಪ್ಪನೂ ಸೋದರಮಾವನೂ ಸಾಕ್ಷಿ ಹಾಕಿದರು. ಈ ಸಂಬಂಧ ಕೂಡಿಬರಲಿಲ್ಲವೆಂಬ ಬೇಸರ ನನಗಿದೆ, ಆದರೆ ಆ ದಿನ ಅವರು ನಡೆದುಕೊಂಡ ರೀತಿಗೆ ನಾನು ಕೃತಜ್ಞಳು.

ಸಾಮಾನುಗಳನ್ನು ಅಕ್ಕ ಹೇಳಿದಂತೆಯೇ ಪಟ್ಟಿ ಮಾಡಿದೆವು. ಫ್ರಿಜ್ಜಿನ ಕಂತು ಅವರ ಕಾರ್ಡಿನಲ್ಲಿದ್ದುದರಿಂದ ಅದು ಅವರಿಗೆ. ಮಂಚ, ಗ್ಯಾಸ್ ಒಲೆ, ಬೀರು ನನಗೆ. ಕಿಟಕಿಯ ಸೊಳ್ಳೆ ಪರದೆಗಳಿಗೆ ಇಬ್ಬರೂ ಸೇರಿ 14 ಸಾವಿರ ಖರ್ಚು ಮಾಡಿದ್ದೆವು, ಅವನ್ನು ಬಿಚ್ಚಿದರೆ ಯಾರಿಗೂ ಉಪಯೋಗವಿಲ್ಲವೆಂದು ಮನೆಗೇ ಬಿಟ್ಟೆವು. ಹಾಲು ಉಕ್ಕಿಸಿದ ಹಿತ್ತಾಳೆಯ ಪಾತ್ರೆ ಅವರ ಅಜ್ಜಿಯದು. ಉಕ್ಕಿದ ಹಾಲು ಹರಿದು ಸೀದು, ಅದರ ಕಂಠದ ಒಂದು ಬದಿಯಲ್ಲಿ ಕಂದು ಬಣ್ಣದ ಗೆರೆಯೊಂದು ಉಳಿದಿತ್ತು. ಹುಣಸೆಹಣ್ಣು ಹಾಕಿ ಎಷ್ಟು ಉಜ್ಜಿದರೂ ಪೂರ್ತಿ ಹೋಗಲಿಲ್ಲ. ಹಾಗೆಯೇ ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ಅವರ ತಾಯಿಯ ಕೈಗೆ ಕೊಟ್ಟೆ.

ಮಾಲೀಕರಿಗೆ ಇಬ್ಬರೂ ಸಹಿ ಮಾಡಿದ ಪತ್ರ ಕೊಟ್ಟಿದ್ದೇವೆ. ಗಿರಿನಗರದವರ ಮಾತು ಅಕ್ಷರಶಃ ನಿಜವಾಯಿತು. ಹೊಸಬರು ಸಿಕ್ಕರೆ ನನಗೇನೂ ಅಡ್ಡಿಯಿಲ್ಲ ಎಂದರು, ಮೂರು ವರ್ಷದ ಮಾತನ್ನು ಮತ್ತೆ ಎತ್ತಲಿಲ್ಲ.

ಮಂಡ್ಯದ ಹುಡುಗ

ನಿಮ್ಮ ಬರಹ ಓದಿ ಮನಸ್ಸಿಗೆ ಬಹಳ ಸಮಾಧಾನವಾಯಿತು.

ಸಿವಿಲ್ ವಕೀಲೆ

ಒಂದು ಎಚ್ಚರಿಕೆ. ಹೊಸಬರು ಬಂದಾಗ ಮಾಲೀಕರು, ಈಗ ಖಾಲಿ ಮಾಡಿ, ಹಣಕ್ಕೆ ಮುಂದಿನ ತಾರೀಕಿನ ಚೆಕ್ ಕೊಡುತ್ತೇನೆ ಎನ್ನಬಹುದು. ಚೆಕ್ ಅಮಾನ್ಯವಾದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸು, ಅದು ತಲುಪಿದ ಮೇಲೆ 15 ದಿನದ ಕಾಲಾವಕಾಶ, ಆಮೇಲೆ ದೂರು, ಹೀಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ದಾರಿ ಇದೆ ನಿಜ. ಆದರೆ ಕೀಲಿ ಕೊಟ್ಟ ಮೇಲೆ ಆ ದಾರಿ ಹಿಡಿಯುವುದಕ್ಕಿಂತ, ಹಣ ಖಾತೆಗೆ ಬಿದ್ದ ಮೇಲೆ ಕೀಲಿ ಕೊಡುವುದು ಮೇಲು. ಹೊಸಬರು, ಮಾಲೀಕರು, ನೀವಿಬ್ಬರು ಒಂದೇ ದಿನ ಒಂದೇ ಕಡೆ ಸೇರಿ ಮುಗಿಸಿ. ನಗದು ಬೇಡವೇ ಬೇಡ. ಸಾಲ, ಠೇವಣಿ, ಸ್ಥಿರಾಸ್ತಿಯ ಮುಂಗಡ ಇವುಗಳಲ್ಲಿ 20 ಸಾವಿರ ಮತ್ತು ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯುವುದನ್ನೂ ಹಿಂದಿರುಗಿಸುವುದನ್ನೂ ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ.

ಕತ್ರಿಗುಪ್ಪೆ ವಾಸಿ

ಹೊಸಬರು ಸಿಕ್ಕಿದ್ದಾರೆ. ಇಬ್ಬರೂ ಶಿಕ್ಷಕರು, 19 ಲಕ್ಷಕ್ಕೆ ಒಪ್ಪಿದ್ದಾರೆ. ಮಾಲೀಕರು ಬಣ್ಣಕ್ಕೆಂದು 25 ಸಾವಿರ ಕೇಳಿದ್ದರು, ಮಾತನಾಡಿ 12 ಸಾವಿರಕ್ಕೆ ತಂದೆವು. ಮನೆಯಲ್ಲಿದ್ದವಳು ನಾನಾದ್ದರಿಂದ ಅದನ್ನು ನನ್ನ ಪಾಲಿನಿಂದಲೇ ಮುರಿದುಕೊಳ್ಳಲು ಹೇಳಿದ್ದೇನೆ. ನಾನೂ ತಮ್ಮನೂ ಹೊಸಕೆರೆಹಳ್ಳಿಯಲ್ಲಿ ಒಂದು ಚಿಕ್ಕ ಬಾಡಿಗೆ ಮನೆ ನೋಡಿದ್ದೇವೆ. ಗೃಹಜ್ಯೋತಿಗೆ ಇಲ್ಲಿನ ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆಗೆ ಜೋಡಿಸಿದ್ದ ನನ್ನ ಆಧಾರನ್ನು ಬಿಡಿಸಬೇಕಾಗಿದೆ, ಇಲ್ಲದಿದ್ದರೆ ಹೊಸಬರಿಗೂ ತೊಂದರೆ, ನನಗೂ ತೊಂದರೆ.

ಗಿರಿನಗರದ ಮನೆ ಮಾಲೀಕ

ಬಹಳ ಸಂತೋಷ. ಕೊನೆಯ ದಿನ ಹಳೆಯ ಕರಾರಿನ ಹಿಂಬದಿಯಲ್ಲಿ ಏನು ಬರೆಯುತ್ತೀರಿ ಎಂಬುದನ್ನು ಇಲ್ಲಿ ಹಾಕಿದರೆ ಮುಂದೆ ಇಂಥ ಸ್ಥಿತಿಯಲ್ಲಿರುವವರಿಗೆ ಅನುಕೂಲವಾಗುತ್ತದೆ.

ಕತ್ರಿಗುಪ್ಪೆ ವಾಸಿ

ಚಿಕ್ಕಪ್ಪನವರ ಪರಿಚಯದ ವಕೀಲರೊಬ್ಬರು ಬರೆದುಕೊಟ್ಟದ್ದು ಹೀಗಿದೆ, ಹೆಸರುಗಳನ್ನು ಮಾತ್ರ ಬಿಟ್ಟಿದ್ದೇನೆ.

"ಈ ಕರಾರಿನ ಮೇರೆಗೆ ಪಡೆದಿದ್ದ 18,00,000 ರೂಪಾಯಿಗಳಲ್ಲಿ 10,00,000 ರೂಪಾಯಿಗಳನ್ನು ಒಂದನೇ ಭೋಗ್ಯದಾರರ ಖಾತೆಗೂ, ಸುಣ್ಣಬಣ್ಣದ ಬಾಬ್ತು 12,000 ಮುರಿದುಕೊಂಡು 7,88,000 ರೂಪಾಯಿಗಳನ್ನು ಎರಡನೇ ಭೋಗ್ಯದಾರರ ಖಾತೆಗೂ ಈ ದಿನ ಬ್ಯಾಂಕ್ ಮೂಲಕ ಸಂದಾಯ ಮಾಡಲಾಗಿದೆ. ಹಣ ಜಮೆಯಾದುದನ್ನು ಇಬ್ಬರೂ ಖಚಿತಪಡಿಸಿಕೊಂಡ ನಂತರ ಮನೆಯ ಖಾಲಿ ಸ್ವಾಧೀನವನ್ನೂ ಮೂರು ಕೀಲಿಗಳನ್ನೂ ಮಾಲೀಕರಿಗೆ ಒಪ್ಪಿಸಲಾಗಿದೆ. ಈ ಕರಾರಿನ ಸಂಬಂಧವಾಗಿ ಮಾಲೀಕರಿಂದ ಇಬ್ಬರಿಗಾಗಲಿ, ಇಬ್ಬರಲ್ಲಿ ಒಬ್ಬರಿಂದ ಇನ್ನೊಬ್ಬರಿಗಾಗಲಿ ಯಾವುದೇ ಬಾಕಿ ಉಳಿದಿರುವುದಿಲ್ಲ."

ಮಂಗಳವಾರ ಬೇಡ ಎಂದು ಅಮ್ಮ ಹೇಳಿದ್ದರಿಂದ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಮಾಲೀಕರ ಬ್ಯಾಂಕಿನಲ್ಲಿ ಎಲ್ಲರೂ ಸೇರುತ್ತೇವೆ. ಮೂರನೆಯ ಕೀಲಿ ಅವರ ಬಳಿ ಇದೆ, ತರುವುದಾಗಿ ಸಂದೇಶ ಕಳುಹಿಸಿದ್ದಾರೆ.